ಅಕ್ಷರಗುಂಡು, ಬಳೆಗಾರಗುಂಡು ಮತ್ತೆ ಪಾದ್ರಿ ಮಗ

ಹೋದ ವಾರ ನಮ್ಮ ಪಡಸಾಲೇಲಿ ಬಿತ್ತನೆ ಶೇಂಗಾ ಸುಲೀತಾ ಕೂತಿದ್ವಿ. ಐದು ಜನ ಹೆಂಗಸರು, ಎರಡು ಮೊರ, ಒಂದು ಚೀಲ. ಮಾತು ಸೊಸೇರಿಂದ ಶುರುವಾಗಿ ಮಳೆಗೆ ಬಂತು, ಮಳೆಯಿಂದ ದೇವರಿಗೆ ಬಂತು. ಅಷ್ಟೊತ್ತಿಗೆ ಹಿಂದಿನ ಬೀದಿ ಹುಡುಗಿ, ಡಿಗ್ರಿ ಓದ್ತಿರೋಳು, ನನ್ನ ಕಡೆ ತಿರುಗಿ ಕೇಳಿಬಿಟ್ಲು: "ಆಂಟಿ, ನಿಮ್ಮ ದೇವ್ರನ್ನ ಬ್ರಿಟಿಷ್ನೋರು ತಂದಿದ್ದಲ್ವಾ? ಅಕ್ಕಿ ಕೊಟ್ಟು ಸೇರಿಸ್ಕೊಂಡ್ರು ಅಂತಾರಲ್ಲ, ನಿಜಾನಾ?"

ಉಳಿದೋರೆಲ್ಲಾ ಶೇಂಗಾ ನೋಡ್ತಾ ಕೂತ್ರು. ಇಪ್ಪತ್ತೆಂಟು ವರ್ಷದಿಂದ ನಾನು ಈ ಬೀದೀಲಿ ಇದೀನಿ. ಬಳ್ಳಾರಿ ನನ್ನ ತವರು. ನಾವು ಚರ್ಚಿಗೆ ಹೋಗೋರು ಅಂತ ಎಲ್ಲರಿಗೂ ಗೊತ್ತು, ಆದ್ರೂ ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಏನೋ ಹೇಳಿದೆ, ಸರಿಯಾಗಿ ಹೇಳ್ಲಿಲ್ಲ. ರಾತ್ರಿ ಮಲಗಿದ್ಮೇಲೆ ಹಿಂಗೆ ಹೇಳಬೇಕಿತ್ತು, ಹಂಗೆ ಹೇಳಬೇಕಿತ್ತು ಅಂತ ಹೊಳೀತಾ ಹೋಯ್ತು. ಅದನ್ನೇ ಇಲ್ಲಿ ಬರೀತಿದೀನಿ. ಉದ್ದ ಆಗುತ್ತೆ, ಅನ್ನಕ್ಕಿಟ್ಟು ಓದಬೇಡ್ರಿ, ತಳ ಹಿಡಿದೀತು.

ಮೊದಲು ನಮ್ಮ ಬ್ರಹ್ಮಗಿರಿಗೆ ಹೋಗೋಣ. ದೂರದ ಬಂಧುಗಳಿಗೆ ಗೊತ್ತಾಗಲಿ ಅಂತ ಹೇಳ್ತೀನಿ: ಮೊಳಕಾಲ್ಮೂರು ತಾಲ್ಲೂಕಲ್ಲಿ ಸಿದ್ದಾಪುರ ಅಂತ ಊರೈತೆ, ಅಶೋಕ ಸಿದ್ದಾಪುರ ಅಂತಾರೆ. ಅದರ ಸುತ್ತಮುತ್ತ ಮೂರು ಕಡೆ ಬಂಡೆ ಮೇಲೆ ಅಶೋಕ ಚಕ್ರವರ್ತಿ ಬರೆಸಿದ ಶಾಸನ ಇದಾವೆ. ಬ್ರಹ್ಮಗಿರೀದು ಒಂದು, ಸಿದ್ದಾಪುರದ್ದು ಒಂದು, ಜಟಿಂಗ ರಾಮೇಶ್ವರ ಬೆಟ್ಟದ್ದು ಒಂದು. ಬ್ರಹ್ಮಗಿರಿ ಬಂಡೆಗೆ ಊರೋರು ಅಕ್ಷರಗುಂಡು ಅಂತಿದ್ರು. ಏನು ಅಕ್ಷರ, ಯಾರ ಅಕ್ಷರ ಯಾರಿಗೂ ತಿಳೀದು, ಅಕ್ಷರ ಅನ್ನೋದಷ್ಟೇ ಗೊತ್ತು. ಜಟಿಂಗ ರಾಮೇಶ್ವರದ ಬಂಡೆಗಂತೂ ಬಳೆಗಾರಗುಂಡು ಅಂತ ಹೆಸರು. ಜಾತ್ರೇಲಿ ಬಳೆಗಾರರು ಅಲ್ಲೇ ಅಂಗಡಿ ಹಾಕ್ತಿದ್ರು, ಚಪ್ಪರದ ಗೂಟಕ್ಕೆ ಬಂಡೇಲೇ ಕುಳಿ ತೋಡಿದ್ರು. ಚಕ್ರವರ್ತಿ ಆಜ್ಞೆ ಮೇಲೆ ನಮ್ಮ ಕಡೆ ಹೆಂಗಸರು ಎಷ್ಟು ತಲೆಮಾರು ಕೂತು ಕೈಗೆ ಬಳೆ ಏರಿಸ್ಕೊಂಡ್ರೋ! ನನಗೆ ಆ ಹೆಸರು ಕೇಳಿದ್ರೆ ಈಗ್ಲೂ ನಗು ಬರುತ್ತೆ.

ಆ ಅಕ್ಷರ ಯಾವುದು ಅಂತ ಲೋಕಕ್ಕೆ ತಿಳಿಸಿದವರು ಬಿ. ಎಲ್. ರೈಸ್, 1892ರಲ್ಲಿ. ಅಶೋಕ ಇಷ್ಟು ದಕ್ಷಿಣದ ತನಕ ಬಂದಿದ್ದ, ಮೈಸೂರು ಸೀಮೇಲೂ ಅವನ ಮಾತು ನಡೀತಿತ್ತು ಅಂತ ಆವಾಗಲೇ ಗೊತ್ತಾಗಿದ್ದು. ಶಾಲೆ ಪುಸ್ತಕದಲ್ಲಿ ಇಷ್ಟು ಬರುತ್ತೆ, ನೀವೂ ಓದಿರ್ತೀರಿ. ಆದ್ರೆ ಈ ರೈಸ್ ಯಾರ ಮಗ ಅಂತ ಪುಸ್ತಕದಲ್ಲಿ ಬರೋದು ಕಮ್ಮಿ.

ಅವರು ಪಾದ್ರಿ ಮಗ. ಅಪ್ಪ ಬೆಂಜಮಿನ್ ರೈಸ್, ಲಂಡನ್ ಮಿಷನರಿ ಸೊಸೈಟಿಯವರು. 1837ರ ಹೊತ್ತಿಗೆ ಹೆಂಡತಿ ಜೇನ್ ಜತೆ ಬೆಂಗಳೂರಿಗೆ ಬಂದ್ರು, ಅದೇ ವರ್ಷ ಜುಲೈನಲ್ಲಿ ಮಗ ಹುಟ್ಟಿದ. ಅಂದ್ರೆ ಅಕ್ಷರಗುಂಡು ಓದಿಸಿದ ದೊರೆ ಹುಟ್ಟಿದ್ದು ಬೆಂಗಳೂರಲ್ಲೇ. ಆ ತಾಯಿ ಹಡಗಲ್ಲಿ ತಿಂಗಳುಗಟ್ಟಲೆ ಬಂದು, ಭಾಷೆ ಬಾರದ ಊರಲ್ಲಿ, ಅಮ್ಮ ಇಲ್ಲ, ಅಕ್ಕ ಇಲ್ಲ, ಚೊಚ್ಚಲು ಬಾಣಂತನ. ಇತಿಹಾಸ ಬರೆಯೋರು ಇದನ್ನ ಒಂದು ಸಾಲಲ್ಲಿ ದಾಟಿಸಿಬಿಡ್ತಾರೆ. ನಾನು ಒಂದು ಗಳಿಗೆ ನಿಂತೆ.

ಅಪ್ಪ ರೈಸ್ ಬಂದಿದ್ದು ತನ್ನ ಧರ್ಮ ಹೇಳೋಕೆ. ಅದರಲ್ಲಿ ಮುಚ್ಚುಮರೆ ಇಲ್ಲ. ಯೇಸುವಿನ ವಿಷಯ ಹೇಳಬೇಕು, ಕೇಳಿದೋರು ನಂಬಬೇಕು ಅಂತಲೇ ಬಂದವರು. ಹೇಳೋದಕ್ಕೆ ಮುಂಚೆ ಅವರು ಮಾಡಿದ ಕೆಲಸ ಕನ್ನಡ ಕಲಿತಿದ್ದು. ಹೇಳೋರು ನಾವು, ಕೇಳೋರು ನೀವು ಅಂತ ಬಂದ ಮನುಷ್ಯ ವರ್ಷಗಟ್ಟಲೆ ಮುನ್ಷಿ ಎದುರು ಚಿಕ್ಕ ಹುಡುಗನ ತರ ಒತ್ತಕ್ಷರ ತಿದ್ದಬೇಕಾಯ್ತು. ಐವತ್ತು ವರ್ಷ ಇಲ್ಲೇ ಇದ್ರು, 1887ರಲ್ಲಿ ಬೆಂಗಳೂರಲ್ಲೇ ತೀರಿಕೊಂಡ್ರು. ಕನ್ನಡದಲ್ಲೇ ಬೋಧನೆ, ಕನ್ನಡದಲ್ಲಿ ಶಾಲೆ ಪುಸ್ತಕ, ಕನ್ನಡ ಬೈಬಲ್ ತಿದ್ದುಪಡಿ ಕೆಲಸ. ಬೆಂಗಳೂರು ಪೇಟೆಗೆ ಹೋದ್ರೆ ಅವೆನ್ಯೂ ರಸ್ತೇಲಿ ಪುಸ್ತಕದ ಅಂಗಡಿ, ಪಾತ್ರೆ ಅಂಗಡಿ ಗದ್ದಲದ ನಡುವೆ ರೈಸ್ ಮೆಮೋರಿಯಲ್ ಚರ್ಚ್ ಐತಲ್ಲ, ಅದು ಈ ಅಪ್ಪನ ನೆನಪಿಗೆ ಇರೋದು. ಮಗಂದು ಅಂತ ಬಹಳ ಜನ ತಿಳಿದಿದ್ದಾರೆ. ಅವರ ಹೆಸರಿನ ಅರ್ಥ ಅಕ್ಕಿ ಅಂತ ಯಾರಾದ್ರೂ ಆ ಹುಡುಗಿಗೆ ಹೇಳಿದ್ರೆ ಅವಳ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತೇನೋ!

ನಮ್ಮ ಬಳ್ಳಾರಿ ಕಥೆ ಇನ್ನೂ ಹಳೇದು. ಅಲ್ಲಿಗೆ ಜಾನ್ ಹ್ಯಾಂಡ್ಸ್ ಅನ್ನೋರು ಬಂದಿದ್ದು 1810ರಲ್ಲಿ. ಆವಾಗ ಪರದೇಶದೋರು ಕನ್ನಡ ಕಲೀಬೇಕು ಅಂದ್ರೆ ಕೈಗೆ ಸಿಗೋ ವ್ಯಾಕರಣ ಇಲ್ಲ, ನಿಘಂಟು ಇಲ್ಲ. ಕೇಳಿ ಕೇಳಿ, ಪದ ಬರ್ಕೊಂಡು, ತಾವೇ ವ್ಯಾಕರಣ ಹೊಂದಿಸ್ಕೊಂಡ್ರು. 1816ರಲ್ಲಿ ವಿಲಿಯಂ ರೀವ್ ಅನ್ನೋರು ಬಂದು ಸೇರಿದ್ರು. ಇಬ್ಬರೂ ಕೂತು ಬೈಬಲನ್ನ ಕನ್ನಡಕ್ಕೆ ತಂದ್ರು, ಪೂರ್ತಿ ಅಚ್ಚಾಗಿದ್ದು 1831ರ ಸುಮಾರಿಗೆ. ಇಪ್ಪತ್ತು ವರ್ಷದ ಕೆಲಸ. ಅದರ ಜತೇಲೇ ರೀವ್ ಅವರ ಕನ್ನಡ ನಿಘಂಟು 1832ರಲ್ಲಿ ಬಂತು. ಮಂಗಳೂರಲ್ಲಿ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಶುರುಮಾಡಿದ ಮಂಗಳೂರ ಸಮಾಚಾರ, ಅದೇ ಕನ್ನಡದ ಮೊದಲ ಪತ್ರಿಕೆ, ಮುಂದಿನ ವರ್ಷ ಕನ್ನಡ ಸಮಾಚಾರ ಅಂತ ಹೆಸರಿಟ್ಕೊಂಡು ಅಚ್ಚಾಗಿದ್ದು ನಮ್ಮ ಬಳ್ಳಾರೀಲೇ. ತವರಿನ ಹೆಮ್ಮೆ, ಒಂದು ಸಲ ಹೇಳ್ಕೊಂಡೆ, ಇನ್ನು ಹೇಳಲ್ಲ.

ಬೈಬಲ್ ಕನ್ನಡಕ್ಕೆ ತರೋದು ಅಂದ್ರೆ ಏನು ಅಂತ ನಾನು ಅಡುಗೆಮನೇಲಿ ಯೋಚನೆ ಮಾಡ್ತಿರ್ತೀನಿ. ನಿಮ್ಮನೇಲಿ ಸಕ್ಕರೆ ಇಲ್ಲ, ಪಕ್ಕದ ಮನೇಲಿ ಒಂದು ಲೋಟ ಇಸ್ಕೊಂಡು ಬರ್ತೀರಿ. ಹಂಗೆ ಈ ಪಾದ್ರಿಗಳು ದೇವರು, ಕೃಪೆ, ಪಾಪ, ರಕ್ಷಣೆ, ಆತ್ಮ ಅಂತ ಒಂದೊಂದು ಪದವನ್ನೂ ಪಕ್ಕದ ಮನೆಯಿಂದಲೇ ಇಸ್ಕೊಂಡ್ರು. ಎಲ್ಲಾ ಶರಣರು, ದಾಸರು, ಪುರಾಣ ಹೇಳೋರು, ನಮ್ಮ ನಿಮ್ಮ ಅಜ್ಜಿಯರು ಬಳಸಿ ಬಳಸಿ ನುಣ್ಣಗಾದ ಪದಗಳು. ಇಸ್ಕೊಂಡ ಲೋಟದಲ್ಲಿ ಆ ಮನೆ ವಾಸನೆ ಇದ್ದೇ ಇರುತ್ತೆ. "ಪಾಪ" ಅನ್ನೋ ಮಾತನ್ನೇ ತಗೊಳ್ರಿ. ಬೋಧನೆ ಮಾಡೋರು "ಮನುಷ್ಯರಲ್ಲಿ ಪಾಪ ಐತೆ" ಅಂದ್ರೆ ತಪ್ಪು, ದೋಷ ಅಂತ. ನಮ್ಮ ಕಡೆ ಹೆಂಗಸರು ಬಾಯಲ್ಲಿ "ಪಾಪ" ಅಂದ್ರೆ ಅಯ್ಯೋ ಅನ್ನೋ ಕನಿಕರ. ಒಂದೇ ಪದದಲ್ಲಿ ತಪ್ಪೂ ಐತೆ, ತಪ್ಪು ಮಾಡಿದೋನ ಮೇಲೆ ಮರುಕವೂ ಐತೆ. ಆ ಪಾದ್ರಿಗಳಿಗೆ ಇದು ಎಷ್ಟು ಹೊಳೀತೋ, ನನಗಂತೂ ನಮ್ಮ ಭಾಷೆ ಅವರಿಗೇ ಒಂದು ಪಾಠ ಹೇಳಿಕೊಟ್ಟಂಗೆ ಕಾಣುತ್ತೆ.

ಈಗ ಅಕ್ಕಿ ಮಾತಿಗೆ ಬರ್ತೀನಿ. ಅದನ್ನ ತಪ್ಪಿಸ್ಕೊಂಡು ಹೋದ್ರೆ ನೀವು ನನ್ನ ಬಿಡಲ್ಲ.

ಧಾತು ಈಶ್ವರ ಬರ ಅಂತ ನಮ್ಮ ಅಜ್ಜಿಯರು ಹೇಳ್ತಿದ್ರಲ್ಲ, 1876ರಿಂದ 1878ರ ತನಕ ಬಿದ್ದಿದ್ದು. ಮೈಸೂರು ಸೀಮೇಲಿ 1871ರ ಜನಗಣತೀಲಿ ಸುಮಾರು 50 ಲಕ್ಷ ಜನ ಇದ್ದೋರು 1881ರಲ್ಲಿ 42 ಲಕ್ಷಕ್ಕೆ ಇಳಿದ್ರು. ನಮ್ಮ ಚಿತ್ರದುರ್ಗ, ಬಳ್ಳಾರಿ ಬಯಲು ಸೀಮೆ ಸುಟ್ಟು ಹೋಗಿತ್ತು. ಅನಾಥ ಮಕ್ಕಳನ್ನ ಮಿಷನ್ನೋರು ಸಾಕಿದ್ರು, ಆ ಮಕ್ಕಳು ಅಲ್ಲೇ ಬೆಳೆದು ಕ್ರೈಸ್ತರಾದ್ರು. ಹೊಟ್ಟೆಗಿಲ್ಲದೆ ಬಂದು ಸೇರಿದ ದೊಡ್ಡೋರೂ ಇದ್ರು. ಹಾಗಾಗಿ ಆ ಹುಡುಗಿ ಕೇಳಿದ್ದು ಪೂರ್ತಿ ಸುಳ್ಳಲ್ಲ. ಹಸಿದೋನಿಗೆ ಧರ್ಮ ಹೇಳೋದು ಸರೀನಾ, ಅವನು ಹೂಂ ಅಂದ್ರೆ ಅದು ಯಾರ ಮಾತು, ಅವಂದಾ ಹೊಟ್ಟೇದಾ ಅಂತ ಪಾದ್ರಿಗಳ ನಡುವೇನೇ ವಾದ ಇತ್ತು. ಒಂದು ಮಾತು ಮಾತ್ರ ನಾನು ಸೇರಿಸ್ತೀನಿ: ಸಾಯೋ ಮಗುವಿನ ಬಾಯಿಗೆ ಗಂಜಿ ಹಾಕಿದ ಹೆಂಗಸಿನ ಕೈ ಯಾವ ಲೆಕ್ಕಾಚಾರ ಹಾಕಿರುತ್ತೆ ಅಂತ ಮನೇಲಿ ಕೂತ ನಾವು ತೀರ್ಪು ಕೊಡೋದು ಕಷ್ಟ.

ಇನ್ನೊಂದು ಕಡೇನೂ ಐತೆ. ಬರ ಬೀಳೋದಕ್ಕೆ ಅರವತ್ತು ವರ್ಷ ಮುಂಚೇನೇ ಬಳ್ಳಾರೀಲಿ ಈ ಕೆಲಸ ನಡೀತಿತ್ತು. ಅಷ್ಟು ವರ್ಷ ದುಡಿದ್ರೂ ಸೇರಿದೋರು ಬೆರಳೆಣಿಕೆ. ಐವತ್ತು ವರ್ಷ ಮಾತಾಡಿದ ರೈಸ್ ಪಾದ್ರಿಗಳ ಕನ್ನಡ ಸಭೆಯೂ ಸಣ್ಣದೇ. ಕೊಟ್ಟು ಕೊಂಡುಕೊಳ್ಳೋ ವ್ಯಾಪಾರವೇ ಆಗಿದ್ರೆ ಯಾವ ಸಾಹುಕಾರ ಇಷ್ಟು ವರ್ಷ ನಷ್ಟದ ಅಂಗಡಿ ತೆಗೆದು ಕೂತಾನು? ನಮ್ಮ ಚಳ್ಳಕೆರೆ ಎಣ್ಣೆ ಗಿರಣಿಯೋರನ್ನ ಕೇಳಿ ನೋಡ್ರಿ.

ಬಿಳಿಯೋರು ತಂದಿದ್ದು ಅನ್ನೋ ಮಾತಿಗೂ ಒಬ್ಬರನ್ನ ತೋರಿಸ್ತೀನಿ. ಸ್ಯಾಮುಯೆಲ್ ಫ್ಲೇವೆಲ್. ಹೆಸರು ಕೇಳಿದ್ರೆ ದೊರೆ ಅನ್ಸುತ್ತೆ. ಅವರು ತಮಿಳರು, ಹಿಂದೂ ಮನೆತನದಲ್ಲಿ ಹುಟ್ಟಿದವರು. ತಮಿಳಲ್ಲಿ ಸುವಾರ್ತೆ ಓದಿ ಮನಸ್ಸು ತಿರುಗಿ, ತಾವಾಗೇ ಜನರಿಗೆ ಹೇಳೋಕೆ ಶುರು ಮಾಡಿದ್ರು. ಬೆಂಗಳೂರಲ್ಲಿ ಕೆಲಸ ಮಾಡಿ, ಆಮೇಲೆ ಬಳ್ಳಾರಿಗೆ ಬಂದ್ರು. 1847ರಲ್ಲಿ ತೀರಿಕೊಳ್ಳೋ ತನಕ ಬಳ್ಳಾರಿ ಸುತ್ತಿನ ಜನರ ನಡುವೆ ಇದ್ರು. ಹ್ಯಾಂಡ್ಸ್, ರೀವ್ ಅವರಿಗೆ ಬೆನ್ನ ಹಿಂದೆ ದಂಡಿತ್ತು, ಕೋಟೆ ಇತ್ತು, ತಮ್ಮ ಜಾತಿಯ ಕಲೆಕ್ಟರ್ ಇದ್ರು. ಯಾರಾದ್ರೂ ಕಲ್ಲೆಸೆದ್ರೆ ಕೇಳೋರು ಇದ್ರು. ಫ್ಲೇವೆಲ್‌ಗೆ ತನ್ನ ಹುಟ್ಟಿದ ಕುಲವೂ ತನ್ನದಲ್ಲ, ದೊರೆಗಳ ಕುಲವೂ ತನ್ನದಲ್ಲ. ಧೈರ್ಯ ಅಂದ್ರೆ ನನಗೆ ಮೊದಲು ನೆನಪಾಗೋದು ಇಂಥೋರು.

ಅದಕ್ಕಿಂತ ಮೊದಲು ನೆನಪಾಗೋದು ಹೆಸರಿಲ್ಲದ ಹೆಂಗಸರು. ಆ ಕಾಲದಲ್ಲಿ ಗಂಡಸು ಪಾದ್ರಿ ಸಂತೇಲಿ ನಿಂತು ಎಷ್ಟು ಮಾತಾಡಿದ್ರೂ ಮನೆಯೊಳಗಿನ ಹೆಂಗಸರ ಕಿವಿಗೆ ಬೀಳ್ತಿರಲಿಲ್ಲ. ಅದಕ್ಕೇ ಪಾದ್ರಿಗಳ ಹೆಂಡತಿಯರು ಮೊದಲು ಹೆಣ್ಣುಮಕ್ಕಳ ಶಾಲೆ ತೆಗೆದ್ರು. ಬೆಂಗಳೂರಲ್ಲಿ 1840ರ ಸುಮಾರಿಗೆ ಜೇನ್ ರೈಸ್ ಮತ್ತೆ ಸೂಯೆಲ್ ಪಾದ್ರಿಯವರ ಹೆಂಡತಿ ಸೇರಿ ಕನ್ನಡ ಹೆಣ್ಣುಮಕ್ಕಳಿಗೆ ಓದು ಬರಹ ಹೇಳಿಕೊಡೋಕೆ ಕೂತ್ರು. ಹೆಣ್ಣು ಓದಿ ಏನು ಕಾರಕೂನಿಕೆ ಮಾಡಬೇಕಾ ಅನ್ನೋ ಕಾಲ. ಆಮೇಲೆ ಬೈಬಲ್ ವುಮನ್ ಅಂತ ನಮ್ಮೋರೇ ಹೆಂಗಸರು ಕೈಯಲ್ಲಿ ಚೀಲ ಹಿಡ್ಕೊಂಡು ಮನೆ ಮನೆಗೆ ಹೋಗೋಕೆ ಶುರುವಾಯ್ತು. ನಮ್ಮ ಅಜ್ಜಿಯ ಅತ್ತೆ ಹಂಗೆ ಹೋಗ್ತಿದ್ದವರು. ಹೋದ ಮನೇಲಿ ಜಗುಲಿ ಮೇಲಷ್ಟೇ ಕೂರಿಸ್ತಿದ್ರಂತೆ. ಅವರು ಎದ್ದುಹೋದ ಮೇಲೆ ಆ ಜಾಗಕ್ಕೆ ಸಗಣಿ ನೀರು ಹಾಕಿ ಸಾರಿಸ್ತಿದ್ರಂತೆ. ಮುಂದಿನ ವಾರ ಮತ್ತೆ ಅದೇ ಜಗುಲಿಗೆ ಹೋಗ್ತಿದ್ರು. ಹೊಲಿಗೆ ತೋರಿಸ್ತಿದ್ರು, ಅ ಆ ಇ ಈ ತಿದ್ದಿಸ್ತಿದ್ರು, ಬಾಣಂತಿಗೆ ಜ್ವರ ಅಂದ್ರೆ ರಾತ್ರಿ ಕೂತಿರ್ತಿದ್ರು. ಕೇಳಿದ್ರೆ ಮಾತ್ರ ಯೇಸುವಿನ ಒಂದು ಕಥೆ. "ಸಾರಿಸಿದ್ದಕ್ಕೆ ಬೇಜಾರಾಗ್ತಿರಲಿಲ್ವಾ?" ಅಂತ ನಮ್ಮಜ್ಜಿ ಕೇಳಿದ್ರಂತೆ. "ಸಾರಿಸಿದ ನೆಲ ಕೂರೋಕೆ ತಂಪಾಗಿರ್ತಿತ್ತು ಕಣೇ" ಅಂದ್ರಂತೆ ಆ ಮುದುಕಿ. ನಮ್ಮ ಮನೇಲಿ ಇದು ಗಾದೆ ತರ ಆಗಿಬಿಟ್ಟೈತೆ.

ಎಲ್ಲರೂ ಅವರಂಗೆ ಇರಲಿಲ್ಲ. ಜಾತ್ರೇಲಿ, ತೇರಿನ ಎದುರಲ್ಲಿ ನಿಂತು ಜನರ ದೇವರನ್ನ ಕಲ್ಲು, ಕಟ್ಟಿಗೆ ಅಂತ ಬಯ್ದೋರು ಇದ್ರು. ಬಯ್ಯೋ ಪುಸ್ತಕಗಳನ್ನೇ ಅಚ್ಚು ಮಾಡಿಸಿ ಹಂಚಿದ್ರು. ತಲೆಮೇಲೆ ಮಗು ಹೊತ್ಕೊಂಡು ಹರಕೆ ತೀರಿಸೋಕೆ ಬಂದ ತಾಯಿ ಎದುರು ಹಂಗೆ ಮಾತಾಡೋದು ಧೈರ್ಯ ಅಂತ ಅವರು ತಿಳಿದಿದ್ರೇನೋ. ನನಗೆ ಅದು ಧೈರ್ಯ ಅನ್ನಿಸಲ್ಲ. ಪ್ರೀತಿಯಂತೂ ಖಂಡಿತ ಅಲ್ಲ.

ಇದನ್ನ ಹೇಳೋ ಹಕ್ಕು ನನಗೆಷ್ಟೈತೆ ಅಂತ ನೀವು ಕೇಳಬಹುದು. ಕೇಳಬೇಕು. ಹನ್ನೊಂದು ವರ್ಷದ ಹಿಂದೆ ಎದುರುಮನೆ ಅಕ್ಕನ ದೊಡ್ಡ ಮಗ ಜ್ವರದಲ್ಲಿ ತೀರಿಕೊಂಡ. ಇಪ್ಪತ್ತೆರಡು ವರ್ಷದ ಹುಡುಗ. ಹದಿಮೂರನೇ ದಿನವೂ ಆಗಿರಲಿಲ್ಲ. ನಾನು ಹೋಗಿ ಕೂತು, ಸಮಾಧಾನ ಮಾಡ್ತೀನಿ ಅಂದ್ಕೊಂಡು, ನಮ್ಮ ದೇವರನ್ನ ಮೊದಲೇ ಕೇಳಿಕೊಂಡಿದ್ರೆ ಅಂತ ಬಾಯಿ ಬಿಟ್ಟೆ. ಅಷ್ಟೇ ಅಂದಿದ್ದು. ಮಾತು ಪೂರ್ತಿ ಮಾಡೋ ಮುಂಚೇನೇ ಅವರ ಮುಖ ಕಂಡು ನನ್ನ ನಾಲಿಗೆ ನಿಂತೋಯ್ತು. ಅವರು ಬಯ್ಯಲಿಲ್ಲ. "ನೀನು ಮನೆಗೋಗು ತಂಗಿ" ಅಂದ್ರು. ಆಮೇಲೆ ಎರಡು ವರ್ಷ ನನ್ನ ಹತ್ರ ಮಾತಿಲ್ಲ. ರಂಗೋಲಿ ಹಾಕೋವಾಗ ಬೆನ್ನು ಕೊಟ್ಟು ಹಾಕೋರು. ನನ್ನ ಮನಸ್ಸಲ್ಲಿ ಇದ್ದಿದ್ದು ಪ್ರೀತೀನೇ ಅಂತ ನಾನು ಬಹಳ ದಿನ ನನಗೇ ಹೇಳ್ಕೊಂಡೆ. ಇದ್ದಿದ್ದು ಅವಸರ. ನನ್ನ ದೇವರು ದೊಡ್ಡೋನು ಅಂತ ತೋರಿಸ್ಕೊಳ್ಳೋ ಆಸೇನೂ ಸ್ವಲ್ಪ ಇತ್ತು.

ಆ ಎರಡು ವರ್ಷದಲ್ಲೇ ನಾನು ಮೊದಲ ಸಲ ಬ್ರಹ್ಮಗಿರಿಗೆ ಹೋಗಿದ್ದು. ಮಗಳ ಶಾಲೆ ಪ್ರವಾಸ, ತಾಯಂದಿರೂ ಬರಬಹುದು ಅಂದ್ರು, ಬುತ್ತಿ ಕಟ್ಕೊಂಡು ಹೋದ್ವಿ. ಬಂಡೆ ಮೇಲೆ ಏನು ಬರ್ದೈತೆ ಅಂತ ಮೇಷ್ಟ್ರು ವಿವರಿಸಿದ್ರು. ಅದು ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೇದು. ಕೇಳ್ತಾ ಕೇಳ್ತಾ ನಾನು ಬಿಸಿಲು ಮರೆತೆ.

ಶಾಸನ ಶುರುವಾಗೋದು ಆಜ್ಞೆಯಿಂದ ಅಲ್ವಂತೆ, ಆರೋಗ್ಯ ವಿಚಾರಿಸೋದ್ರಿಂದ. ಸುವರ್ಣಗಿರೀಲಿದ್ದ ರಾಜಕುಮಾರ ಮತ್ತೆ ಅಧಿಕಾರಿಗಳು ಇಸಿಲ ಅನ್ನೋ ಊರಿನ ಅಧಿಕಾರಿಗಳಿಗೆ ಕ್ಷೇಮ ಕೇಳಿ, ಆಮೇಲೆ ರಾಜನ ಮಾತು ತಿಳಿಸ್ತಾರೆ. ಇಸಿಲ ಅಂದ್ರೆ ಇದೇ ನಮ್ಮ ಜಾಗ. ನಾವು ಕಾಗದ ಬರೆಯೋವಾಗ "ಇತ್ತ ನಾವೆಲ್ಲಾ ಕ್ಷೇಮ" ಅಂತಿದ್ವಲ್ಲ, ಹಂಗೆ. ಆಮೇಲೆ ಅಶೋಕ ತನ್ನ ಬಗ್ಗೆ ಹೇಳ್ಕೋತಾನೆ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯ್ತು, ಆದ್ರೆ ಒಂದು ವರ್ಷ ಅಷ್ಟೇನೂ ಶ್ರದ್ಧೆ ಇಡಲಿಲ್ಲ, ಸಂಘದ ಹತ್ರ ಹೋದ್ಮೇಲೆ ಈಗ ಒಂದು ವರ್ಷದಿಂದ ಚೆನ್ನಾಗಿ ಪ್ರಯತ್ನ ಪಡ್ತಿದೀನಿ ಅನ್ನೋ ಅರ್ಥ. ಈ ಫಲ ದೊಡ್ಡೋರಿಗೆ ಮಾತ್ರ ಸಿಗೋದಲ್ಲ, ಪ್ರಯತ್ನ ಪಟ್ರೆ ಸಣ್ಣೋರಿಗೂ ಸ್ವರ್ಗ ಸಿಗುತ್ತೆ ಅಂತಾನೂ ಹೇಳ್ತಾನೆ. ಕೊನೇಲಿ ತಂದೆತಾಯಿ ಮಾತು ಕೇಳ್ರಿ, ಜೀವಿಗಳ ಮೇಲೆ ದಯೆ ಇರಲಿ, ನಿಜ ಹೇಳ್ರಿ, ಗುರುವಿಗೆ ಮರ್ಯಾದೆ ಕೊಡ್ರಿ, ನೆಂಟರಿಷ್ಟರ ಜತೆ ಸರಿಯಾಗಿ ನಡ್ಕೊಳ್ರಿ ಅಂತ ಐತೆ.

ಲೋಕ ಗೆದ್ದ ರಾಜ, ತನ್ನ ಧರ್ಮ ಹೇಳೋಕೆ ಕೂತೋನು, "ಒಂದು ವರ್ಷ ನಾನೇ ಸರಿಯಾಗಿ ಮಾಡಲಿಲ್ಲ" ಅಂತ ಬಂಡೆ ಮೇಲೆ ಕೆತ್ತಿಸ್ತಾನೆ! ನನಗೆ ಎದುರುಮನೆ ಜಗುಲಿ ನೆನಪಾಯ್ತು. ನಾನು ಅಲ್ಲಿಗೆ ಹೋಗಿದ್ದು ಎಲ್ಲಾ ಬಲ್ಲೋಳ ತರ.

ಇನ್ನೊಂದು ವಿಷಯವನ್ನೂ ಆ ಮೇಷ್ಟ್ರು ಹೇಳಿದ್ರು. ಬರೆದೋನ ಹೆಸರು ಚಪಡ ಅಂತ ಶಾಸನದ ಕೊನೇಲಿ ಐತೆ. ಲಿಪಿಕಾರ ಅನ್ನೋ ಕೊನೇ ಪದವನ್ನ ಅವನು ಬ್ರಾಹ್ಮೀಲಿ ಬರೀದೆ ಖರೋಷ್ಠೀಲಿ ಬರೆದಿದ್ದಾನೆ. ಖರೋಷ್ಠಿ ಅಂದ್ರೆ ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆ ಬಲದಿಂದ ಎಡಕ್ಕೆ ಬರೀತಿದ್ದ ಲಿಪಿ. ಅಷ್ಟು ದೂರದ ಅಕ್ಷರ ಬಲ್ಲ ಮನುಷ್ಯ ನಮ್ಮ ಜಾಲಿಗಿಡದ ನಾಡಿಗೆ ಬಂದು, ಬಿಸಿ ಬಂಡೆ ಮೇಲೆ ಕೂತು, ಎಲ್ಲಾ ಮುಗಿದ ಮೇಲೆ ಒಂದೇ ಒಂದು ಪದ ತನಗೆ ಗೊತ್ತಿದ್ದ ಇನ್ನೊಂದು ಲಿಪೀಲಿ ಬರ್ಕೊಂಡ. ಜೇನ್ ರೈಸ್ ಬೆಂಗಳೂರಲ್ಲಿ ಕೂತು ತಾಯಿಗೆ ಕಾಗದ ಬರೆಯೋವಾಗ ಹಂಗೇ ಇದ್ದಿರಬೇಕು.

ಆದ್ರೆ ಅಶೋಕನ ಮಾತು ನಮ್ಮ ಜನಕ್ಕೆ ಉಳೀಲಿಲ್ಲ. ನೋಡ್ರಿ ಎಂಥ ವಿಚಿತ್ರ. ಬಂಡೆ ಉಳೀತು, ಅಕ್ಷರ ಉಳೀತು, ಅಕ್ಷರಗುಂಡು ಅನ್ನೋ ಹೆಸರೂ ಉಳೀತು, ಏನು ಬರ್ದೈತೆ ಅನ್ನೋದು ಹೊರಟೋಯ್ತು. ಅದು ಇಲ್ಲಿನ ಅಡುಗೆಮನೆ ಮಾತಲ್ಲಿ ಇರಲಿಲ್ಲ. ಪಾದ್ರಿಗಳು ಕನ್ನಡ ಕಲಿತಿದ್ದಕ್ಕೇ ಬೈಬಲ್ ಕಥೆ ನಮ್ಮ ಅಜ್ಜಿಯರ ಬಾಯಿಗೆ ಬಂತು. ಹಂಗೆ ಕಲಿತ ಪಾದ್ರಿ ಮಗ ಕನ್ನಡದ ಹಳೇ ಅಕ್ಷರದ ಹಿಂದೆ ಹೋಗಿ, ಈ ಮರೆತ ಮಾತನ್ನ ತಿರುಗಿ ತೆಗೆದು ಕೊಟ್ಟ.

ಮಗ ರೈಸ್ ಪಾದ್ರಿಯಾಗಲಿಲ್ಲ. ಶಾಲೆ ಮುಖ್ಯಸ್ಥರಾಗಿ ಶುರುಮಾಡಿ, ಮೈಸೂರು ಸೀಮೆ ವಿದ್ಯಾ ಇಲಾಖೆಗೆ ಬಂದು, ಹೋಬಳಿ ಶಾಲೆಗಳನ್ನ ತೆಗೆಸೋದ್ರಲ್ಲಿ ದುಡಿದ್ರು. ಆಮೇಲೆ ಊರೂರು ಸುತ್ತಿ ಸಾವಿರಾರು ಶಾಸನ ಪಡಿಯಚ್ಚು ತೆಗೆಸಿ, ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಸಂಪುಟಗಳನ್ನ 1886ರಿಂದ ಹೊರಗೆ ತಂದ್ರು. 1898ರಲ್ಲಿ ಪಂಪಭಾರತವನ್ನ ಅಚ್ಚು ಹಾಕಿಸಿದವರೂ ಅವರೇ. ಗುಡಿ ಕಲ್ಲು, ಬಸದಿ ಕಲ್ಲು, ವೀರಗಲ್ಲು, ಮಾಸ್ತಿಕಲ್ಲು, ಯಾವ ಧರ್ಮದ್ದು ಅಂತ ನೋಡಲಿಲ್ಲ. ತಮ್ಮ ಎಡ್ವರ್ಡ್ ರೈಸ್ ಅಪ್ಪನ ಕೆಲಸ ಮುಂದುವರಿಸಿದ್ರು, ಜತೆಗೆ ಕನ್ನಡ ಸಾಹಿತ್ಯದ ಚರಿತ್ರೆಯನ್ನೂ ಬರೆದ್ರು. ಒಂದೇ ತಾಯಿ ಮಕ್ಕಳು. ತನ್ನ ದೇವರನ್ನ ನಂಬೋ ಮನೇಲೇ ಪಕ್ಕದ ಮನೆ ಪುಸ್ತಕವನ್ನ ಒರೆಸಿ ಇಡೋದನ್ನೂ ಕಲಿಸಿದ್ರು ಅನ್ಸುತ್ತೆ.

ಕಲಬುರಗಿ ಕಡೆ ಸನ್ನತೀಲಿ, ಚಂದ್ರಲಾಂಬ ಗುಡೀಲಿ, 1980ರ ದಶಕದ ಕೊನೇಲಿ ಅಶೋಕನ ಇನ್ನೊಂದು ಕಲ್ಲು ಸಿಕ್ತು. ತನ್ನ ಧರ್ಮ ಹೊಗಳೋ ಭರದಲ್ಲಿ ಬೇರೆಯೋರ ಧರ್ಮ ತೆಗಳೋನು ತನ್ನ ಧರ್ಮಕ್ಕೇ ಕೇಡು ಮಾಡ್ತಾನೆ ಅನ್ನೋ ಅರ್ಥದ ಹನ್ನೆರಡನೇ ಶಾಸನ ಅದರಲ್ಲೈತೆ. ಜಾತ್ರೇಲಿ ನಿಂತು ಬಯ್ದ ಪಾದ್ರಿಗಳ ಕಾಲಕ್ಕೆ ಈ ಕಲ್ಲು ಸಿಕ್ಕಿರಲಿಲ್ಲ. ನನ್ನ ಕಾಲಕ್ಕೆ ಸಿಕ್ಕಿತ್ತು, ನಾನು ಓದಿರಲಿಲ್ಲ. ಆದ್ರೆ ಅದನ್ನ ತಿಳ್ಕೊಳ್ಳೋಕೆ ಕಲ್ಲೇ ಬೇಕಿತ್ತಾ? ಬಾವಿ ಹತ್ರ ನೀರು ಸೇದೋಕೆ ಬಂದ ಸಮಾರ್ಯದ ಹೆಂಗಸಿನ ಹತ್ರ ಯೇಸು ಮೊದಲು ಆಡಿದ ಮಾತು ಕುಡಿಯೋಕೆ ನೀರು ಕೊಡು ಅಂತ. ಕೊಡೋಕೆ ಬಂದೋನು ಮೊದಲು ಕೈಚಾಚಿ ಕೇಳಿದ. ಚಿಕ್ಕಂದಿನಿಂದ ಕೇಳಿದ ಕಥೆ ಅದು, ಭಾನುವಾರದ ಶಾಲೇಲಿ ಚಿತ್ರ ಬಿಡಿಸಿ ಬಣ್ಣಾನೂ ಹಚ್ಚಿದ್ದೆ.

ಪ್ರವಾಸದಿಂದ ಬಂದ ವಾರಕ್ಕೆ ನಾನೂ ಹಂಗೇ ಮಾಡಿದೆ. ಮನೇಲಿ ಹುಣಸೆಹಣ್ಣು ಇತ್ತು, ಆದ್ರೂ ಎದುರುಮನೆಗೆ ಹೋಗಿ ಸ್ವಲ್ಪ ಹುಣಸೆಹಣ್ಣು ಕೊಡಕ್ಕಾ ಅಂದೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿದ್ರು. ಒಳಗೋಗಿ ತಂದು ಕೊಟ್ರು. ಮಾತಿಲ್ಲ. ಆಮೇಲೆ ಒಂದಿನ ನಾನು, "ಅಕ್ಕಾ, ಆವತ್ತು ನಾನು ಆಡಬಾರದ್ದು ಆಡಿದೆ, ಅದು ದೇವರ ಮಾತಲ್ಲ, ನನ್ನ ಮಾತು" ಅಂದೆ. ಆವತ್ತು ಅತ್ತರು. ನಾನೂ ಅತ್ತೆ. ಆ ವರ್ಷ ಯುಗಾದಿಗೆ ಹೋಳಿಗೆ ಬಂತು, ಕ್ರಿಸ್‌ಮಸ್‌ಗೆ ನಮ್ಮನೆ ಕಜ್ಜಾಯ ಹೋಯ್ತು.

ಹಂಗಂತ ನಾನು ಬಾಯಿ ಮುಚ್ಕೊಂಡೇ ಇರ್ತೀನಿ ಅಂತಲ್ಲ. ಈಗಿನ ಕಾಲದಲ್ಲಿ ನಂಬಿಕೆ ವಿಷಯ ಬಾಯಿ ಬಿಟ್ರೆ ಯಾರು ಏನು ತಿಳ್ಕೋತಾರೋ ಅಂತ ಭಯ ಐತೆ. ನಮ್ಮೋರಲ್ಲೇ ಎಷ್ಟೋ ಜನ "ನಿನಗ್ಯಾಕೆ ಉಸಾಬರಿ, ಇದನ್ನೆಲ್ಲಾ ಬರೀಬೇಡ" ಅಂದ್ರು. ಆದ್ರೆ ಪಕ್ಕದಲ್ಲಿ ಕೂತು ಶೇಂಗಾ ಸುಲಿಯೋ ಹುಡುಗಿ ನೇರವಾಗಿ ಕೇಳಿದಾಗ, ನನಗೆ ಯಾವುದು ಅನ್ನ ನೀರಿನಷ್ಟು ಬೇಕೋ ಅದನ್ನ ಮುಚ್ಚಿಟ್ಟು ಮಾತು ತಿರುಗಿಸೋದು ಅವಳನ್ನ ಹೊರಗಿನೋಳು ಅಂದಂಗೆ. ಅದಕ್ಕೇ ನಿನ್ನೆ ಮತ್ತೆ ಸುಲಿಯೋಕೆ ಕೂತಾಗ ಅಕ್ಕಿ ವಿಷಯ, ಬರದ ವಿಷಯ, ಫ್ಲೇವೆಲ್ ವಿಷಯ ಎಲ್ಲಾ ಹೇಳಿದೆ. ಇಲ್ಲಿ ಬರೆದಷ್ಟು ಚೆನ್ನಾಗಿ ಹೇಳ್ಲಿಲ್ಲ ಬಿಡ್ರಿ. ಆ ಹುಡುಗಿ ಎಲ್ಲಾ ಕೇಳಿ, "ಅದೆಲ್ಲಾ ಇರಲಿ ಆಂಟಿ, ನಿಮಗೆ ಆ ಪುಸ್ತಕದಲ್ಲಿ ಯಾವ ಕಥೆ ಇಷ್ಟ?" ಅಂದ್ಲು.

ನಾನು ಹತ್ತು ಬೆಳ್ಳಿ ನಾಣ್ಯದ ಹೆಂಗಸಿನ ಕಥೆ ಹೇಳಿದೆ. ಒಂದು ನಾಣ್ಯ ಕಳೆದೋಗುತ್ತೆ. ದೀಪ ಹಚ್ತಾಳೆ, ಮನೆಯೆಲ್ಲಾ ಗುಡಿಸ್ತಾಳೆ, ಮೂಲೆ ಮೂಲೆ ಹುಡುಕ್ತಾಳೆ. ಕಳೆದೋದ ಮನುಷ್ಯನನ್ನ ದೇವರು ಹಂಗೆ ಹುಡುಕ್ತಾನೆ ಅಂತ ಯೇಸು ಹೇಳಿದ್ದು.

ಎದುರುಮನೆ ಅಕ್ಕ ಮೊರದಿಂದ ತಲೆ ಎತ್ತಿದ್ರು. ಇಷ್ಟೊತ್ತೂ ಅವರು ಕೇಳಿಸ್ಕೋತಿದ್ರು ಅಂತ ನನಗೆ ಗೊತ್ತೇ ಇರಲಿಲ್ಲ.

"ಸಿಕ್ತಾ?" ಅಂದ್ರು.

"ಸಿಕ್ತಕ್ಕಾ. ಅಕ್ಕಪಕ್ಕದ ಹೆಂಗಸರನ್ನೆಲ್ಲಾ ಕರೆದು ಸಂತೋಷಪಟ್ಲು."

"ಕರೀಲೇಬೇಕಲ್ಲ ಮತ್ತೆ," ಅಂದು, ನನ್ನ ಮೊರದಲ್ಲಿ ಉಳಿದಿದ್ದ ಕಾಯನ್ನೂ ತಮ್ಮ ಕಡೆಗೆ ಎಳ್ಕೊಂಡ್ರು.